ಕೆಲಸ ಅಂದ್ಕೊಂಡಿದ್ದಕ್ಕಿಂತ ಉದ್ದ ಆದ್ರೆ ಎಷ್ಟು ಕೇಳೋದು? ಫ್ರೀಲಾನ್ಸ್ ಮಾಡೋರು ಪದೇ ಪದೇ ಕೇಳುವ ಪ್ರಶ್ನೆಗಳು

ಡಿಸೈನು, ಅನುವಾದ, ಕೋಡಿಂಗು, ವಿಡಿಯೋ ಎಡಿಟಿಂಗು, ಬರವಣಿಗೆ, ಕೆಲಸ ಯಾವುದೇ ಇರ್ಲಿ, ಸ್ವಂತವಾಗಿ ಪ್ರಾಜೆಕ್ಟ್ ಹಿಡಿದು ಮಾಡೋರೆಲ್ಲ ಒಂದಲ್ಲ ಒಂದಿನ ಇಲ್ಲಿಗೆ ಬಂದು ನಿಲ್ತಾರೆ: ರೇಟು ಮಾತಾಡಿ ಆಗಿದೆ, ಕೆಲಸ ಅರ್ಧಾನೂ ಮುಗಿದಿಲ್ಲ, ಲೆಕ್ಕ ಹಾಕಿದ್ದ ಟೈಮೆಲ್ಲ ಖಾಲಿ. ಕೇಳೋಕೆ ಸಂಕೋಚ, ಕೇಳದೆ ಇದ್ರೆ ಕೈಯಿಂದ ಹಾಕಿದ ಹಾಗೆ. ಆ ಹೊತ್ತಲ್ಲಿ ಬರೋ ಪ್ರಶ್ನೆಗಳನ್ನ ಒಂದ್ಕಡೆ ಸೇರಿಸಿ ಉತ್ತರ ಬರ್ದಿದ್ದೀನಿ. ಲೆಕ್ಕಗಳಲ್ಲಿ ಬರೀ ಅಂಕಿ ಹಾಕಿದ್ದೀನಿ, ನಿಮ್ಮ ರೇಟು ಹಾಕ್ಕೊಂಡು ನೋಡಿ.

40 ಗಂಟೆ ಅಂತ ಅಂದಾಜು ಮಾಡಿ ಒಂದೇ ಮೊತ್ತ ಹೇಳಿದ್ದೆ, 64 ಗಂಟೆ ಆಯ್ತು. ಉಳಿದ 24 ಗಂಟೆಗೆ ದುಡ್ಡು ಕೇಳೋದು ನ್ಯಾಯಾನಾ?

ಯಾಕೆ ಜಾಸ್ತಿ ಆಯ್ತು ಅನ್ನೋದನ್ನ ಮೊದಲು ಬಿಡಿಸಿ ನೋಡ್ಬೇಕು. ಜಾಸ್ತಿ ಆದ ಗಂಟೆಗಳೆಲ್ಲ ಒಂದೇ ಜಾತಿ ಅಲ್ಲ.

ಕೆಲವು ಕ್ಲೈಂಟ್ ಕಡೆಯಿಂದ ಬಂದಿರತ್ತೆ. ಮೊದಲು ಹೇಳದೆ ಇದ್ದದ್ದನ್ನ ನಡುವೆ ಸೇರಿಸಿರ್ತಾರೆ, ಓಕೆ ಅಂದದ್ದನ್ನ ಮತ್ತೆ ಬದಲಾಯಿಸಿರ್ತಾರೆ, ಕೊಡ್ಬೇಕಾದ ಫೋಟೋ ಮ್ಯಾಟರು ಲೇಟಾಗಿ ಕೊಟ್ಟು ನೀವು ಎರಡೆರಡು ಸಲ ಅದೇ ಕೆಲಸಕ್ಕೆ ಕೂರೋ ಹಾಗೆ ಮಾಡಿರ್ತಾರೆ. ಇದಕ್ಕೆ ಅವರೇ ಕೊಡ್ಬೇಕು. ಇನ್ನು ಕೆಲವು ನಿಮ್ಮ ಕಡೆಯವು: ಗೊತ್ತಿಲ್ಲದ ಸಾಫ್ಟ್‌ವೇರ್ ಕಲಿತದ್ದು, ಹೇಳಿದ್ದನ್ನ ತಪ್ಪು ತಿಳ್ಕೊಂಡು ಮಾಡಿ ಮತ್ತೆ ಮಾಡಿದ್ದು, ಅಂದಾಜೇ ತೀರಾ ಕಮ್ಮಿ ಹಾಕಿದ್ದು. ಇದನ್ನ ನೀವೇ ಹೊಟ್ಟೆಗೆ ಹಾಕ್ಕೋಬೇಕು. ಮೂರನೇದು ಯಾರ ಕಡೆಯದ್ದೂ ಅಲ್ಲ, ಕೆಲಸದ ಒಳಗೇ ಅಡಗಿದ್ದದ್ದು. ಹಳೇ ಗೋಡೆ ಒಡೆದ ಮೇಲೇನೇ ಒಳಗಿನ ಪೈಪು ತುಕ್ಕು ಹಿಡಿದಿದೆ ಅಂತ ಗೊತ್ತಾಗತ್ತಲ್ಲ, ಹಾಗೆ. ಅನುವಾದಕ್ಕೆ ಬಂದ ಸ್ಕ್ಯಾನ್ ಕಾಪಿಯಲ್ಲಿ ಅರ್ಧ ಪುಟ ಓದೋಕೇ ಬರಲ್ಲ, ಹಿಂದಿನವರು ಬರೆದ ಕೋಡಲ್ಲಿ ಒಂದು ಸಾಲು ಮುಟ್ಟಿದ್ರೆ ಇನ್ನೆಲ್ಲೋ ಒಡೆಯತ್ತೆ, ಇಂಥವು. ಇದನ್ನ ಇಬ್ಬರೂ ಕೂತು ಹಂಚ್ಕೊಳ್ಳೋದು ಸರಿ.

ಈಗ ನಿಮ್ಮ 24 ಗಂಟೆ ಬಿಡಿಸಿ. 14 ಗಂಟೆ ಅವರು ನಡುವೆ ಸೇರಿಸಿದ ಒಂದು ಬುಕಿಂಗ್ ಫಾರಂಗೆ ಹೋದದ್ದು, 6 ನಿಮ್ಮ ತಪ್ಪು, 4 ಒಳಗೆ ಅಡಗಿದ್ದು ಅಂತ ಇಟ್ಕೊಳ್ಳಿ. 14 ಪೂರ್ತಿ, 4ರಲ್ಲಿ ಅರ್ಧ, ಒಟ್ಟು 16 ಗಂಟೆಗೆ ಕೇಳೋದು ನ್ಯಾಯ. 24ಕ್ಕೂ ಕೇಳಿದ್ರೆ ನಿಮ್ಮ ತಪ್ಪನ್ನ ಅವರ ತಲೆಗೆ ಕಟ್ಟಿದ ಹಾಗೆ, ಒಂದಕ್ಕೂ ಕೇಳದೆ ಇದ್ರೆ ಅವರ ಬದಲಾವಣೆ ಎಲ್ಲ ನೀವು ಫ್ರೀಯಾಗಿ ಮಾಡಿಕೊಟ್ಟ ಹಾಗೆ.

ಆದ್ರೆ ಇದಕ್ಕೆಲ್ಲ ಒಂದು ಕಂಡೀಷನ್ ಇದೆ, ಅದು ಮುಂದಿನ ಪ್ರಶ್ನೆ.

ಕೆಲಸ ಎಲ್ಲ ಮುಗಿಸಿ ಕೊನೇ ಬಿಲ್ಲಲ್ಲಿ ಸೇರಿಸಿದ್ರೆ ಆಗಲ್ವಾ?

ಆಗಲ್ಲ. ನನ್ನ ಪ್ರಕಾರ ಈ ವಿಷಯದಲ್ಲಿ ನ್ಯಾಯ ಅನ್ಯಾಯ ತೀರ್ಮಾನ ಆಗೋದೇ ಇಲ್ಲಿ. ಮೊತ್ತ ದೊಡ್ಡದಾ ಚಿಕ್ಕದಾ ಅನ್ನೋದು ಆಮೇಲಿನ ಮಾತು. ಕ್ಲೈಂಟಿಗೆ "ಹಾಗಾದ್ರೆ ಬೇಡ ಬಿಡಿ" ಅನ್ನೋಕೆ ಅವಕಾಶ ಸಿಕ್ತಾ ಇಲ್ವಾ ಅನ್ನೋದೇ ಮುಖ್ಯ. ಆ ಬುಕಿಂಗ್ ಫಾರಂಗೆ 14 ಗಂಟೆ ಹಿಡಿಯತ್ತೆ, ಇಷ್ಟು ದುಡ್ಡಾಗತ್ತೆ ಅಂತ ಮೊದಲೇ ಗೊತ್ತಿದ್ರೆ ಅವರು ಬೇಡ ಅಂತಿದ್ರೇನೋ, ಫೋನ್ ನಂಬರ್ ಹಾಕಿದ್ರೆ ಸಾಕು ಅಂತಿದ್ರೇನೋ. ಮಾಡಿ ಮುಗಿಸಿ ಬಿಲ್ ಕೊಟ್ರೆ ಆ ಆಯ್ಕೆ ಅವರ ಕೈಯಿಂದ ನೀವು ಕಿತ್ಕೊಂಡ ಹಾಗಾಯ್ತು, ಗಂಟೆ ಲೆಕ್ಕ ಎಷ್ಟೇ ಪ್ರಾಮಾಣಿಕವಾಗಿದ್ರೂ.

ಈಗಾಗಲೇ ಮಾಡಿ ಮುಗಿಸಿಬಿಟ್ಟಿದ್ದೀರಾ ಅಂದ್ರೆ? ಅವರೇ ಬಾಯಿಬಿಟ್ಟು ಅಥವಾ ಮೆಸೇಜಲ್ಲಿ ಕೇಳಿದ ಸೇರ್ಪಡೆಗಳಿಗೆ ಮಾತ್ರ ಕೇಳಿ, ಅದೂ ಬಿಲ್ಲಲ್ಲಿ ಸುಮ್ನೆ ಸೇರಿಸಿ ಕಳಿಸ್ಬೇಡಿ, ಮೊದಲು ಫೋನ್ ಮಾಡಿ ಮಾತಾಡಿ. ಉಳಿದದ್ದನ್ನ ಬಿಡಿ. ಕಷ್ಟ ಆಗತ್ತೆ, ಆದ್ರೂ ಬಿಡಿ.

ಹಾಗಾದ್ರೆ ಯಾವಾಗ ಹೇಳ್ಬೇಕು?

ಅಂದಾಜು ಹಾಕಿದ ಗಂಟೆಯಲ್ಲಿ ಅರ್ಧ ಮುಗಿದಾಗ ಒಂದ್ಸಲ ನಿಂತು ನೋಡಿ, ಕೆಲಸಾನೂ ಅರ್ಧ ಆಗಿದ್ಯಾ? 40ರಲ್ಲಿ 20 ಹೋಗಿದೆ, ಕೆಲಸ ಮೂರರಲ್ಲಿ ಒಂದು ಭಾಗ ಆಗಿದೆ ಅಂದ್ರೆ ಇದೇ ವೇಗದಲ್ಲಿ ಮುಗಿಯೋಷ್ಟೊತ್ತಿಗೆ 60 ಆಗತ್ತೆ. ಕೊನೇ ವಾರದಲ್ಲಿ ರಾತ್ರಿ ಕೂತು ಸರಿ ಮಾಡ್ಬಿಡ್ತೀನಿ ಅನ್ನೋ ಧೈರ್ಯ ಎಲ್ರಿಗೂ ಬರತ್ತೆ, ಅದನ್ನ ನಂಬ್ಬೇಡಿ. ಅವತ್ತೇ ಹೇಳಿ. ಅರ್ಧ ದಾರಿಯಲ್ಲಿ ಹೇಳಿದ್ರೆ ಕ್ಲೈಂಟಿಗೆ ಬಜೆಟ್ ಹೊಂದಿಸೋಕೆ, ಕೆಲಸ ಕಮ್ಮಿ ಮಾಡೋಕೆ, ತಾರೀಕು ಮುಂದೂಡೋಕೆ ಎಲ್ಲಾ ದಾರೀನೂ ತೆರೆದಿರತ್ತೆ, ನೂರಕ್ಕೆ ತೊಂಬತ್ತು ಗಂಟೆ ಖರ್ಚಾದ್ಮೇಲೆ ಹೇಳಿದ್ರೆ ದುಡ್ಡು ಕೊಡೋದು ಇಲ್ಲ ಜಗಳ ಆಡೋದು, ಎರಡೇ ಉಳಿಯೋದು.

ಹೊಸ ಸೇರ್ಪಡೆ ಕೇಳಿದ್ರೆ ಮಾತ್ರ ಅರ್ಧದವರೆಗೆ ಕಾಯೋ ಮಾತೇ ಇಲ್ಲ. ಕೇಳಿದ ದಿನಾನೇ ಉತ್ತರ.

ಏನಂತ ಬರೀಲಿ? ಬರೆಯೋಕೆ ಕೂತ್ರೆ ಕ್ಷಮೆ ಕೇಳೋ ಥರಾನೇ ಬರತ್ತೆ.

ಕ್ಷಮೆ ಬೇಡ, ದೂರೂ ಬೇಡ. ಎಲ್ಲಿದ್ದೀವಿ, ಯಾಕೆ, ಮುಂದೆ ಏನೇನು ಮಾಡ್ಬಹುದು, ಯಾವತ್ತೊಳಗೆ ಹೇಳ್ಬೇಕು, ಇಷ್ಟಿದ್ರೆ ಸಾಕು. ಒಂದು ಮಾದರಿ:

"ಮೇಡಂ ನಮಸ್ಕಾರ. 5 ಪುಟದ ವೆಬ್‌ಸೈಟಿಗೆ 40 ಗಂಟೆ ಅಂತ ಹೇಳಿದ್ದೆ, ಇವತ್ತಿಗೆ 21 ಗಂಟೆ ಆಗಿದೆ, ಮೊದಲ 2 ಪುಟ ಮುಗಿದಿದೆ, ಮೂರನೇದು ಅರ್ಧ ಆಗಿದೆ. ನೀವು ನಿನ್ನೆ ಕೇಳಿದ ಬುಕಿಂಗ್ ಫಾರಂ ನಮ್ಮ ಮೊದಲ ಪಟ್ಟಿಯಲ್ಲಿ ಇರ್ಲಿಲ್ಲ, ಅದಕ್ಕೆ ಸುಮಾರು 14 ಗಂಟೆ ಬೇಕು. ಮೂರು ದಾರಿ ಇದೆ. ಫಾರಂ ಸೇರಿಸಿ ಆ 14 ಗಂಟೆಗೆ ಬೇರೆ ಬಿಲ್ ಮಾಡೋದು ಒಂದು. ಫಾರಂ ಸೇರಿಸಿ ಗ್ಯಾಲರಿ ಪುಟ, ಸುದ್ದಿ ಪುಟ ಎರಡನ್ನೂ ಬಿಡೋದು ಇನ್ನೊಂದು, ಆಗ ಮೊತ್ತ ಮೊದಲು ಮಾತಾಡಿದಷ್ಟೇ. ಇಲ್ಲಾಂದ್ರೆ ಸೈಟ್ ಲೈವ್ ಆದ್ಮೇಲೆ ಫಾರಂ ಬೇರೆ ಕೆಲಸವಾಗಿ ತಗೊಳ್ಳೋಣ. ಗುರುವಾರದೊಳಗೆ ತಿಳಿಸಿದ್ರೆ ತಾರೀಕು ಬದಲಾಗಲ್ಲ. ಅಲ್ಲಿವರೆಗೆ ಫಾರಂ ಮುಟ್ಟಲ್ಲ, ಉಳಿದ ಪುಟಗಳನ್ನ ಮಾಡ್ತಾ ಇರ್ತೀನಿ."

ಕೊನೇ ಸಾಲು ಬಿಡ್ಬೇಡಿ. ಉತ್ತರ ಬರೋವರೆಗೆ ಯಾವುದು ನಿಂತಿರತ್ತೆ ಯಾವುದು ನಡೀತಿರತ್ತೆ ಅಂತ ಬರೀದೆ ಇದ್ರೆ ಅವರು ಎಲ್ಲಾನೂ ನಡೀತಿದೆ ಅಂದ್ಕೋತಾರೆ. ಉತ್ತರ "ಹೂಂ ಮಾಡಿ" ಅಂತ ಫೋನಲ್ಲಿ ಬಂದ್ರೆ, "ಈಗ ಫೋನಲ್ಲಿ ಮಾತಾಡಿದ ಹಾಗೆ ಮೊದಲನೇ ದಾರಿ ಹಿಡಿತಿದ್ದೀನಿ" ಅಂತ ಒಂದು ಸಾಲು ಮೆಸೇಜ್ ಹಾಕಿಬಿಡಿ.

ಯಾವ ಗಂಟೆ ಯಾರ ಕಡೆಯದ್ದು ಅಂತ ಆಮೇಲೆ ನೆನಪಿರಲ್ವಲ್ಲ?

ನೆನಪಿರಲ್ಲ, ಅದಕ್ಕೇ ಅವತ್ತವತ್ತೇ ಬರ್ದಿಡ್ಬೇಕು. ದೊಡ್ಡ ಆ್ಯಪ್ ಏನೂ ಬೇಡ, ಒಂದು ಶೀಟಲ್ಲಿ ನಾಲ್ಕು ಕಾಲಂ ಸಾಕು: ದಿನ, ಎಷ್ಟೊತ್ತು, ಏನು ಮಾಡಿದ್ದು, ಯಾಕೆ ಮಾಡಿದ್ದು. ನಾಲ್ಕನೇ ಕಾಲಮ್ಮಿಗೇ ಇರೋದು ಜೀವ.

ಸೋಮವಾರ, 2 ಗಂಟೆ 15 ನಿಮಿಷ, ಮುಖಪುಟದ ಬ್ಯಾನರ್, ಪಟ್ಟಿಯಲ್ಲಿದ್ದದ್ದು.
ಮಂಗಳವಾರ, 1 ಗಂಟೆ, ಬ್ಯಾನರ್ ಬಣ್ಣ ಮತ್ತೆ, ಓಕೆ ಆದ್ಮೇಲೆ ಕೇಳಿದ್ದು.
ಮಂಗಳವಾರ, 3 ಗಂಟೆ, ಮೊಬೈಲಲ್ಲಿ ಮೆನು ಓಪನ್ ಆಗ್ತಿರ್ಲಿಲ್ಲ, ನನ್ನದೇ ತಪ್ಪು.
ಬುಧವಾರ, 40 ನಿಮಿಷ, ಫೋನ್ ಮೀಟಿಂಗ್, ಪಟ್ಟಿಯಲ್ಲಿ ಇರ್ಲಿಲ್ಲ.

ಫಿಕ್ಸೆಡ್ ಮೊತ್ತದ ಕೆಲಸಕ್ಕೂ ಇದನ್ನ ಬರೀರಿ, ಕ್ಲೈಂಟಿಗೆ ತೋರಿಸ್ಬೇಕು ಅಂತೇನಿಲ್ಲ, ನಿಮ್ಗೆ ಬೇಕು. 100ರ ರೇಟಲ್ಲಿ 40 ಗಂಟೆಗೆ 4000 ಹೇಳಿ 64 ಗಂಟೆ ಮಾಡಿದ್ರೆ ನಿಮ್ಗೆ ನಿಜವಾಗಿ ಬಿದ್ದಿರೋದು ಗಂಟೆಗೆ 62.5. ಆ ಅಂಕಿ ಕಣ್ಣೆದುರು ಇಲ್ಲದೆ ಇದ್ರೆ ಯಾವ ಥರದ ಕೆಲಸದಲ್ಲಿ ದುಡೀತಿದ್ದೀರಿ, ಯಾವುದರಲ್ಲಿ ಕಳ್ಕೋತಿದ್ದೀರಿ ಅಂತ ವರ್ಷ ಕಳೆದ್ರೂ ಗೊತ್ತಾಗಲ್ಲ.

ಪ್ರತಿ ಸಲಾನೂ ನನ್ನ ಅಂದಾಜು ಕಮ್ಮೀನೇ ಬರತ್ತೆ. ಅನುಭವ ಸಾಲ್ದಾ?

ಅನುಭವ ಇದ್ದೋರಿಗೂ ಹೀಗೇ ಆಗತ್ತೆ. ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವೆರ್ಸ್ಕಿ ಅನ್ನೋ ಇಬ್ಬರು ಮನಃಶಾಸ್ತ್ರಜ್ಞರು 1979ರಲ್ಲೇ ಇದಕ್ಕೆ ಪ್ಲಾನಿಂಗ್ ಫ್ಯಾಲಸಿ ಅಂತ ಹೆಸರಿಟ್ರು. ನಾವು ಅಂದಾಜು ಹಾಕುವಾಗ ಈ ಕೆಲಸದ ಹಂತಗಳನ್ನ ಮಾತ್ರ ಮನಸ್ಸಲ್ಲಿ ಓಡಿಸ್ತೀವಿ, ಹಿಂದೆ ಇಂಥದ್ದೇ ಕೆಲಸಗಳು ಎಷ್ಟು ಹಿಡಿದ್ವು ಅಂತ ತಿರುಗಿ ನೋಡಲ್ಲ. 1994ರಲ್ಲಿ ಬ್ಯೂಲರ್, ಗ್ರಿಫಿನ್, ರಾಸ್ ಅನ್ನೋ ಸಂಶೋಧಕರು ಪ್ರಬಂಧ ಬರೀತಿದ್ದ ವಿದ್ಯಾರ್ಥಿಗಳನ್ನ ಎಷ್ಟು ದಿನ ಹಿಡಿಯತ್ತೆ ಅಂತ ಕೇಳಿದ್ರು. ಸರಾಸರಿ ಉತ್ತರ 33.9 ದಿನ, ನಿಜವಾಗಿ ಹಿಡಿದದ್ದು 55.5 ದಿನ. ಎಲ್ಲಾ ಕೆಟ್ಟರೆ ಎಷ್ಟು ಅಂತಾನೂ ಕೇಳಿದ್ರು, ಅದಕ್ಕೆ ಬಂದ ಉತ್ತರ 48.6. ಅಂದ್ರೆ ತೀರಾ ಕೆಟ್ಟ ಪರಿಸ್ಥಿತಿ ಅಂತ ಊಹಿಸಿದ್ದಕ್ಕಿಂತಾನೂ ನಿಜ ಜಾಸ್ತಿ ಇತ್ತು, ಇದನ್ನ ಕೊಟೇಶನ್ ಬರೆಯೋ ಪ್ರತಿಯೊಬ್ರೂ ತಲೆಯಲ್ಲಿ ಇಟ್ಕೋಬೇಕು.

ದೊಡ್ಡ ದೊಡ್ಡ ತಂಡಗಳಿಗೂ ಬಿಟ್ಟಿಲ್ಲ ಇದು. ಸಿಡ್ನಿ ಒಪೆರಾ ಹೌಸ್ 70 ಲಕ್ಷ ಆಸ್ಟ್ರೇಲಿಯನ್ ಡಾಲರಲ್ಲಿ 1963ಕ್ಕೆ ಮುಗಿಯತ್ತೆ ಅಂತಿದ್ದದ್ದು, ಬಾಗಿಲು ತೆರೆದದ್ದು 1973ರಲ್ಲಿ, ಖರ್ಚು 10 ಕೋಟಿ 20 ಲಕ್ಷ. ಕೆಲಸದ ನಡುವೆ ಡಿಸೈನು ಬದಲಾಗಿದ್ದು, ಆ ಚಾವಣಿ ಹೇಗೆ ಕಟ್ಟೋದು ಅಂತ ಗೊತ್ತಾಗೋ ಮೊದಲೇ ಕಟ್ಟೋಕೆ ಶುರು ಮಾಡಿದ್ದು, ಎರಡೂ ಅದರಲ್ಲಿ ಸೇರಿತ್ತು. ನಮ್ಮ ಚಿಕ್ಕ ಪ್ರಾಜೆಕ್ಟುಗಳಲ್ಲಿ ಉದ್ದ ಆಗೋದಕ್ಕೂ ಹೆಚ್ಚು ಕಮ್ಮಿ ಇವೇ ಎರಡು ಕಾರಣ.

ಹಾಗಾದ್ರೆ ಅಂದಾಜು ಹಾಕೋದು ಹೇಗೆ?

ಎರಡು ಕೆಲಸ ಮಾಡಿ. ಮೊದಲನೇದು, ಹಳೇ ಶೀಟ್ ತೆಗೆದು ಇದೇ ಥರದ ಹಿಂದಿನ ಕೆಲಸಗಳಲ್ಲಿ ಹೇಳಿದ್ದೆಷ್ಟು ಆಗಿದ್ದೆಷ್ಟು ನೋಡಿ. ಸಾಮಾನ್ಯವಾಗಿ ಒಂದೂವರೆ ಪಟ್ಟು ಆಗ್ತಿದ್ರೆ, ಈ ಸಲ ಬೇರೆ ಥರ ಆಗತ್ತೆ ಅನ್ನೋಕೆ ಗಟ್ಟಿ ಕಾರಣ ಇಲ್ದೇ ಇದ್ರೆ, ಒಂದೂವರೆ ಪಟ್ಟೇ ಹಾಕಿ.

ಹಳೇ ದಾಖಲೆ ಇಲ್ಲ ಅನ್ನೋರಿಗೆ ಎರಡನೇದು. 1950ರ ದಶಕದ ಕೊನೆಗೆ ಅಮೆರಿಕದ ನೌಕಾಪಡೆಯ ಪೊಲಾರಿಸ್ ಕ್ಷಿಪಣಿ ಯೋಜನೆಗೆ ಪರ್ಟ್ ಅನ್ನೋ ವಿಧಾನ ಮಾಡಿದ್ರು, ಅದರ ಲೆಕ್ಕ ಇವತ್ತಿಗೂ ಕೆಲಸಕ್ಕೆ ಬರತ್ತೆ. ಮೂರು ಅಂಕಿ ಬರ್ಕೊಳ್ಳಿ: ಎಲ್ಲಾ ಸಲೀಸಾದ್ರೆ ಎಷ್ಟು, ಸಾಮಾನ್ಯವಾಗಿ ಎಷ್ಟು, ಕೆಟ್ಟು ಕೂತ್ರೆ ಎಷ್ಟು. ನಡುವಿನದ್ದನ್ನ ನಾಲ್ಕರಿಂದ ಗುಣಿಸಿ, ಮೂರನ್ನೂ ಕೂಡಿ, ಆರರಿಂದ ಭಾಗಿಸಿ. 30, 40, 80 ಅಂತ ಬಂದ್ರೆ 30, 160, 80 ಕೂಡಿ 270, ಆರರಿಂದ ಭಾಗಿಸಿದ್ರೆ 45. ಕೆಟ್ಟದ್ದರಿಂದ ಒಳ್ಳೇದನ್ನ ಕಳೆದು ಆರರಿಂದ ಭಾಗಿಸಿದ್ರೆ ಸುಮಾರು 8, ಅದು ಆಚೀಚೆ ಓಲಾಡೋ ಅಳತೆ. ನಾನಾದ್ರೆ ಇಲ್ಲಿ 45 ಹೇಳಲ್ಲ, ಆ 8 ಸೇರಿಸಿ 53ರ ಹತ್ರ ಹೇಳ್ತೀನಿ. ಮೊದಲು ಮನಸ್ಸಿಗೆ ಬಂದಿದ್ದ 40ಕ್ಕೂ ಇದಕ್ಕೂ ಎಷ್ಟು ದೂರ ನೋಡಿ.

ಮೀಟಿಂಗು, ಇಮೇಲು, ಫೈಲ್ ಕಳಿಸೋದು, ಕೊನೇ ಚೆಕ್ಕು, ಇವನ್ನೂ ಕೆಲಸದ ಪಟ್ಟಿಯಲ್ಲಿ ಬೇರೆ ಸಾಲಾಗಿ ಬರೀರಿ. ಎಲ್ರೂ ಮರೆಯೋದು ಇದನ್ನೇ.

ಹೀಗೆ ಬಫರ್, ಅಂದ್ರೆ ಅಂದಾಜಿನ ಮೇಲೆ ಒಂದಿಷ್ಟು ಎಕ್ಸ್ಟ್ರಾ ಗಂಟೆ, ಸೇರಿಸಿ ಹೇಳೋದು ಮೋಸ ಅಲ್ವಾ?

ಅಲ್ಲ. ಮೊತ್ತ ಫಿಕ್ಸ್ ಮಾಡಿ ಕೊಡ್ತೀರಿ ಅಂದ್ರೆ ಜಾಸ್ತಿ ಆದ್ರೆ ನಾನು ಹೊರ್ತೀನಿ ಅಂತ ಮಾತು ಕೊಡ್ತಿದ್ದೀರಿ, ಆ ಹೊರೆಗೂ ಬೆಲೆ ಇದೆ. ಗಂಟೆ ಲೆಕ್ಕದಲ್ಲಿ ಬಿಲ್ ಮಾಡ್ತಾ ಮೇಲೆ ಬಫರ್ ಗಂಟೆಗಳನ್ನೂ ಮಾಡಿದ ಹಾಗೆ ತೋರಿಸಿದ್ರೆ ಅದು ಮೋಸ, ಮಾಡದ ಗಂಟೆಗೆ ಬಿಲ್ ಹಾಕೋ ಹಾಗಿಲ್ಲ.

ಒಂದು ಎಚ್ಚರಿಕೆ ಇದೆ. ಕೊಟ್ಟಷ್ಟು ಟೈಮನ್ನೂ ಕೆಲಸ ತಿಂದುಹಾಕತ್ತೆ ಅಂತ ಪಾರ್ಕಿನ್ಸನ್ ಅನ್ನೋ ಬ್ರಿಟಿಷ್ ಲೇಖಕರು 1955ರಲ್ಲೇ ಬರ್ದಿದ್ರು, ಅದು ನಿಜ. ಹಾಗಾಗಿ ಬಫರನ್ನ ಒಂದೊಂದು ಹಂತಕ್ಕೂ ಹಚ್ಚಬೇಡಿ, ಪೂರ್ತಿ ಪ್ರಾಜೆಕ್ಟಿನ ಕೊನೆಗೆ ಒಟ್ಟಿಗೆ ಇಡಿ, ಮುಟ್ಟಿದಾಗೆಲ್ಲ ಎಷ್ಟು ಖರ್ಚಾಯ್ತು ಅಂತ ಬರ್ದಿಡಿ.

ಫಿಕ್ಸೆಡ್ ಮೊತ್ತ ಒಳ್ಳೇದಾ, ಗಂಟೆ ಲೆಕ್ಕ ಒಳ್ಳೇದಾ?

ಕೆಲಸದ ಅಂಚು ಎಷ್ಟು ಸ್ಪಷ್ಟ ಇದೆ ಅನ್ನೋದು ನೋಡಿ. ಟೈಪ್ ಮಾಡಿದ 80 ಪುಟ, ವಿಷಯ ಗೊತ್ತಿರೋದು, ಅನುವಾದ ಮಾಡ್ಬೇಕು ಅಂದ್ರೆ ಫಿಕ್ಸೆಡ್ಡೇ ಸರಿ, ಇಬ್ರಿಗೂ ನೆಮ್ಮದಿ. "ನಮ್ಮ ಆ್ಯಪ್ ಸ್ಲೋ ಇದೆ, ಸರಿ ಮಾಡಿಕೊಡಿ" ಅಂದ್ರೆ ಫಿಕ್ಸೆಡ್ ಹೇಳೋದು ಕಣ್ಣು ಮುಚ್ಚಿ ಬಾವಿಗೆ ಹಾರಿದ ಹಾಗೆ, ಯಾಕಂದ್ರೆ ಕಾರಣ ಏನು ಅಂತಾನೇ ಯಾರಿಗೂ ಗೊತ್ತಿಲ್ಲ.

ಗಂಟೆ ಲೆಕ್ಕದಲ್ಲಿ ಕ್ಲೈಂಟಿಗೆ ಭಯ ಇರತ್ತೆ, ಎಲ್ಲಿಗೆ ಹೋಗಿ ನಿಲ್ಲತ್ತೋ ಅಂತ, ಆ ಭಯ ನ್ಯಾಯವಾದದ್ದೇ. ಅದಕ್ಕೆ ಮೇಲ್ಮಿತಿ ಹಾಕಿ: ಗಂಟೆ ಲೆಕ್ಕ, ಆದ್ರೆ ನಿಮ್ಮ ಒಪ್ಪಿಗೆ ಇಲ್ಲದೆ 60 ದಾಟಲ್ಲ, 45 ಆದಾಗ ತಿಳಿಸ್ತೀನಿ. ಉದ್ದ ಆಗೋ ಕೆಲಸಗಳಿಗೆ ನನಗೆ ಅತಿ ಹೆಚ್ಚು ಒಗ್ಗೋದು ಇದೇ, ಕಮ್ಮಿ ಆದ್ರೆ ಅವರಿಗೆ ಉಳಿತಾಯ, ಜಾಸ್ತಿ ಆಗೋ ಹಾಗಿದ್ರೆ ಮಾತಾಡೋಕೆ ಒಂದು ಗೊತ್ತಾದ ಜಾಗ ಇರತ್ತೆ.

ಅಂಚೇ ಕಾಣದ ಕೆಲಸಕ್ಕೆ ಮೊದಲು ಒಂದು ಚಿಕ್ಕ ಪರಿಶೀಲನೆ ಹಂತ ಮಾಡಿ, ಅದಕ್ಕೆ ಬೇರೆ ದುಡ್ಡು. ಎರಡು ಮೂರು ದಿನ ಕೂತು ಒಳಗೆ ಏನಿದೆ ನೋಡಿ, ಒಂದು ವರದಿ ಬರ್ದು, ಆಮೇಲೆ ಮುಖ್ಯ ಕೆಲಸದ ಕೊಟೇಶನ್ ಕೊಡಿ. ವರದಿ ತಗೊಂಡು ಅವರು ಬೇರೆಯವರ ಹತ್ರ ಹೋದ್ರೂ ಪರವಾಗಿಲ್ಲ, ಅದಕ್ಕೆ ದುಡ್ಡು ಬಂದಿದೆಯಲ್ಲ.

ಗಂಟೆ ರೇಟು ಎಷ್ಟಿಡ್ಬೇಕು ಅಂತಾನೇ ಗೊತ್ತಾಗಲ್ಲ.

ಸಂಬಳವನ್ನ ಕೆಲಸದ ಗಂಟೆಯಿಂದ ಭಾಗಿಸಿದ್ರೆ ತಪ್ಪು ಬರತ್ತೆ. ವರ್ಷದ 52 ವಾರದಲ್ಲಿ ರಜ ಕಾಯಿಲೆ ಅಂತ 6 ವಾರ ತೆಗೀರಿ, 46 ಉಳೀತು. ವಾರಕ್ಕೆ 40 ಗಂಟೆ ಅಂದ್ರೆ 1840. ಅದರಲ್ಲಿ ಬಿಲ್ ಮಾಡೋ ಕೆಲಸ 60 ಪರ್ಸೆಂಟ್ ಅಂತ ಇಟ್ಕೊಂಡ್ರೆ, ಉಳಿದದ್ದು ಕ್ಲೈಂಟ್ ಹುಡುಕೋದು, ಲೆಕ್ಕಪತ್ರ, ಕಲಿಯೋದು ಇದಕ್ಕೆಲ್ಲ ಹೋಗತ್ತೆ, ಕೈಗೆ ಸಿಗೋದು 1104 ಗಂಟೆ. ವರ್ಷಕ್ಕೆ ನಿಮ್ಗೆ ಬೇಕಾದ ಮೊತ್ತಾನ, ಟ್ಯಾಕ್ಸು, ಸಾಫ್ಟ್‌ವೇರು, ಕಂಪ್ಯೂಟರು, ವಿಮೆ, ಉಳಿತಾಯ ಎಲ್ಲ ಸೇರಿಸಿ, ಈ 1104ರಿಂದ ಭಾಗಿಸಿ. ಬಂದದ್ದು ನಿಮ್ಮ ಕನಿಷ್ಠ ರೇಟು, ಇದಕ್ಕಿಂತ ಕೆಳಗೆ ಇಳಿದ್ರೆ ಉಳಿತಾಯಾನೇ ಕರಗೋದು.

ಕರಾರಿನಲ್ಲಿ ಏನೇನು ಬರ್ದಿರ್ಬೇಕು?

ಏನು ಮಾಡಿಕೊಡ್ತೀನಿ ಅನ್ನೋದನ್ನ ಎಲ್ರೂ ಬರೀತಾರೆ, ಏನು ಮಾಡಲ್ಲ ಅನ್ನೋದನ್ನೂ ಬರೀರಿ. "ಲೋಗೋ ಡಿಸೈನು, 3 ಮಾದರಿ, ಒಂದನ್ನ ಆರಿಸಿದ್ಮೇಲೆ 2 ಸುತ್ತಿನ ತಿದ್ದುಪಡಿ. ವಿಸಿಟಿಂಗ್ ಕಾರ್ಡು, ಬೋರ್ಡು, ಸೋಶಿಯಲ್ ಮೀಡಿಯಾ ಸೈಜುಗಳು ಇದರಲ್ಲಿ ಸೇರಿಲ್ಲ." ಜಗಳ ಬರೋದು ಯಾವಾಗ್ಲೂ ಈ ಎರಡನೇ ವಾಕ್ಯ ಇಲ್ಲದ ಕಡೆ.

ಆಮೇಲೆ ಸೇರಿಲ್ಲದ್ದನ್ನ ಕೇಳಿದ್ರೆ ಗಂಟೆಗೆ ಎಷ್ಟು, ಕೆಲಸ ಮುಗೀತು ಅಂತ ಯಾವಾಗ ಲೆಕ್ಕ, ಒಪ್ಪಿಗೆ ಕೊಡೋ ಒಬ್ರು ಯಾರು ಅಂತ. ಒಪ್ಪಿಗೆ ಕೊಡೋರು ಮೂರು ಜನ ಇದ್ರೆ ಒಬ್ರು ಹೂಂ ಅಂದದ್ದನ್ನ ಇನ್ನೊಬ್ರು ಊಹೂಂ ಅಂತಾರೆ, ನಿಮ್ಮ ಗಂಟೆಗಳು ಅದರ ಮಧ್ಯೆ ಹೋಗತ್ತೆ. ಶುರುವಲ್ಲಿ ಅಡ್ವಾನ್ಸ್ ಎಷ್ಟು, ಯಾವ ಯಾವ ಹಂತಕ್ಕೆ ಎಷ್ಟೆಷ್ಟು. ಉದ್ದ ಆಗಬಹುದಾದ ಕೆಲಸಕ್ಕೆ "ಅರ್ಧ ಮೊದಲು ಅರ್ಧ ಕೊನೆಗೆ" ಅನ್ನೋ ಪದ್ಧತಿ ನನಗೆ ಒಪ್ಪಿಗೆ ಇಲ್ಲ, ಕೊನೆ ಅನ್ನೋದೇ ಮುಂದೆ ಮುಂದೆ ಓಡತ್ತೆ, ಅದರ ಹಿಂದೆ ನಿಮ್ಮ ಅರ್ಧ ದುಡ್ಡೂ. ನಾಲ್ಕು ಐದು ಹಂತ ಮಾಡಿ, ಇಲ್ಲಾ ತಿಂಗಳಿಗೊಂದು ಬಿಲ್.

"ಇದೊಂದು ಸಣ್ಣ ಚೇಂಜು ಅಷ್ಟೇ" ಅಂತ ದಿನಾ ಬರ್ತಾ ಇರತ್ತೆ. ಇದಕ್ಕೆಲ್ಲ ಬಿಲ್ ಹಾಕಿದ್ರೆ ಚಿಲ್ಲರೆ ಮನುಷ್ಯ ಅಂದ್ಕೊಳ್ಳಲ್ವಾ?

ಮೊದಲ ಎರಡು ಮೂರಕ್ಕೆ ಬಿಲ್ ಬೇಡ, ಲೆಕ್ಕದಲ್ಲಿ ಮಾತ್ರ ತೋರಿಸಿ: "ಬಣ್ಣ ಬದಲಾವಣೆ, 40 ನಿಮಿಷ, ಚಾರ್ಜ್ ಇಲ್ಲ." ಬಿಲ್ಲಲ್ಲಿ ಸೊನ್ನೆ ಅಂತ ಹಾಕಿದ ಸಾಲು ತುಂಬಾ ಕೆಲಸ ಮಾಡತ್ತೆ. ನೀವು ಮಾಡಿದ್ದು ಅವರಿಗೆ ಕಾಣತ್ತೆ, ಮುಂದಿನದ್ದಕ್ಕೆ ಚಾರ್ಜ್ ಬಂದಾಗ ಆಶ್ಚರ್ಯ ಆಗಲ್ಲ. ಹೇಳದೆ ಫ್ರೀ ಮಾಡಿದ್ದು ಮಾತ್ರ ಯಾರ ಲೆಕ್ಕಕ್ಕೂ ಸಿಗಲ್ಲ.

ಆಮೇಲೂ ಬರ್ತಾನೇ ಇದ್ರೆ ಒಂದೊಂದಾಗಿ ತಗೋಬೇಡಿ. "ಎಲ್ಲಾ ಬದಲಾವಣೆನೂ ಶುಕ್ರವಾರದವರೆಗೆ ಒಂದೇ ಪಟ್ಟಿ ಮಾಡಿ ಕಳಿಸಿ ಸರ್, ಒಟ್ಟಿಗೆ ನೋಡಿ ಎಷ್ಟು ಹಿಡಿಯತ್ತೆ ಹೇಳ್ತೀನಿ" ಅನ್ನಿ. ಪಟ್ಟಿ ಮಾಡೋಕೆ ಕೂತಾಗ ಅರ್ಧ ಅವರೇ ತೆಗೆದುಹಾಕ್ತಾರೆ.

ಗಂಟೆ ಜಾಸ್ತಿ ಆಗ್ಲಿಲ್ಲ, ಆದ್ರೆ ಒಂದು ತಿಂಗಳ ಕೆಲಸ ಐದು ತಿಂಗಳು ಎಳೀತು. ಇದಕ್ಕೇನು ಕೇಳೋದು?

ಇದನ್ನ ಜನ ನಷ್ಟ ಅಂತಾನೇ ಲೆಕ್ಕಕ್ಕೆ ತಗೊಳ್ಳಲ್ಲ, ಆದ್ರೆ ಇದು ದೊಡ್ಡ ನಷ್ಟ. ಆ ತಿಂಗಳಿಗೆ ಅಂತ ಬೇರೆ ಕೆಲಸ ಬೇಡ ಅಂದಿರ್ತೀರಿ, ಕ್ಲೈಂಟ್ ಮ್ಯಾಟರ್ ಕಳಿಸಲ್ಲ, ಮೂರು ವಾರ ಸುಮ್ನಿದ್ದು ಒಂದಿನ ಬೆಳಗ್ಗೆ ಕಳಿಸಿ ನಾಳೆಗೆ ಬೇಕು ಅಂತಾರೆ. ಮತ್ತೆ ಆ ಕೆಲಸದ ಒಳಗೆ ಹೋಗೋಕೆ, ಎಲ್ಲಿಗೆ ಬಿಟ್ಟಿದ್ವಿ, ಯಾಕೆ ಹೀಗೆ ಮಾಡಿದ್ವಿ ಅಂತ ನೆನಪು ಮಾಡ್ಕೊಳ್ಳೋಕೇ ಗಂಟೆಗಟ್ಟಲೆ ಬೇಕು.

ಮೊದಲೇ ಬರ್ದಿಡಿ: ಕ್ಲೈಂಟ್ ಕಡೆಯಿಂದ 10 ಕೆಲಸದ ದಿನ ಉತ್ತರ ಬರದಿದ್ರೆ ಪ್ರಾಜೆಕ್ಟ್ ನಿಂತಿದೆ ಅಂತ ಲೆಕ್ಕ, ಅಲ್ಲಿವರೆಗಿನ ಕೆಲಸಕ್ಕೆ ಬಿಲ್ ಆಗತ್ತೆ, ಮತ್ತೆ ಶುರು ಮಾಡೋಕೆ ಇಷ್ಟು ಗಂಟೆಯ ಚಾರ್ಜು, ತಾರೀಕು ನನ್ನ ಕೈಲಿರೋ ಬೇರೆ ಕೆಲಸ ನೋಡಿ ಹೊಸದಾಗಿ ಕೊಡ್ತೀನಿ. ದಂಡ ಹಾಕೋ ಉದ್ದೇಶ ಇದರಲ್ಲಿ ಇಲ್ಲ, ಮತ್ತೆ ಒಳಗೆ ಹೋಗೋ ಕೆಲಸ ನಿಜವಾಗಿ ಇದೆ, ಅದಕ್ಕೆ ದುಡ್ಡು. ಕಾಯಿಲೆ, ಮನೆಯಲ್ಲಿ ತೊಂದರೆ ಅಂತ ಕ್ಲೈಂಟ್ ಮೊದಲೇ ಹೇಳಿದ್ರೆ ನಾನು ಈ ಚಾರ್ಜ್ ತಗೊಳ್ಳಲ್ಲ.

ಟೈಮ್ ಹತ್ರ ಬಂತು, ಇನ್ನೊಬ್ರನ್ನ ಸೇರಿಸ್ಕೊಂಡು ಬೇಗ ಮುಗಿಸ್ಬಹುದಾ?

ತಡ ಆಗಿರೋ ಸಾಫ್ಟ್‌ವೇರ್ ಕೆಲಸಕ್ಕೆ ಜನ ಸೇರಿಸಿದ್ರೆ ಇನ್ನೂ ತಡ ಆಗತ್ತೆ ಅಂತ ಐಬಿಎಂನಲ್ಲಿ ದೊಡ್ಡ ಸಾಫ್ಟ್‌ವೇರ್ ತಂಡ ನಡೆಸಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಹೇಳಿದ್ರು, ಹೊಸಬರಿಗೆ ಹೇಳಿಕೊಡೋಕೇ ನಿಮ್ಮ ಟೈಮ್ ಹೋಗೋದ್ರಿಂದ. ಬೇರೆ ಮಾಡಿ ಕೊಡೋಕೆ ಬರೋ ತುಂಡು ಇದ್ರೆ, ಆಡಿಯೋ ಕೇಳಿ ಟೈಪ್ ಮಾಡೋದು, ಫೋಟೋ ಹಿನ್ನೆಲೆ ತೆಗೆಯೋದು ಇಂಥದ್ದು, ಕೊಡಬಹುದು. ಕ್ಲೈಂಟಿಗೆ ಹೇಳಿ ಕೊಡಿ, ಗುಟ್ಟಾಗಿ ಬೇಡ.

ಎಲ್ಲಾ ವಿವರಿಸಿ ಹೇಳಿದ್ರೂ ಕ್ಲೈಂಟ್ ಒಂದು ಪೈಸೆನೂ ಜಾಸ್ತಿ ಕೊಡಲ್ಲ ಅಂದ್ರೆ?

ಕೆಲವು ಸಲ ಅವರ ಹತ್ರ ನಿಜವಾಗಿ ಇರಲ್ಲ, ಬಜೆಟ್ ಮೇಲಿನವರು ಪಾಸ್ ಮಾಡಿರೋದೇ ಅಷ್ಟು. ಆಗ ಮೊತ್ತ ಬಿಟ್ಟು ಕೆಲಸ ಕಮ್ಮಿ ಮಾಡೋ ಮಾತಾಡಿ, ಇದೇ ದುಡ್ಡಿಗೆ ಯಾವುದು ಇರ್ಲಿ ಯಾವುದು ಬಿಡ್ಲಿ ಅಂತ. ತುಂಬಾ ಜನಕ್ಕೆ ಈ ಮಾತು ರೇಟು ಏರಿಸೋ ಮಾತಿಗಿಂತ ಸಲೀಸು.

ಅದಕ್ಕೂ ಒಪ್ಪದೆ ಎಲ್ಲಾನೂ ಬೇಕು, ಅದೇ ದುಡ್ಡಿಗೆ ಬೇಕು ಅಂದ್ರೆ, ಕರಾರಲ್ಲಿ ಬರೆದಷ್ಟನ್ನ ಚೆನ್ನಾಗಿ ಮುಗಿಸಿ ಕೊಟ್ಟು ಅಲ್ಲಿಗೆ ನಿಲ್ಲಿಸಿ. ಕೋಪಕ್ಕೆ ಕೆಲಸದ ಗುಣಮಟ್ಟ ಇಳಿಸ್ಬೇಡಿ, ಫೈಲ್ ಹಿಡಿದಿಟ್ಟು ಆಟ ಆಡಿಸ್ಬೇಡಿ. ಹಂತದ ಬಿಲ್ ಬಾಕಿ ಇದ್ರೆ ಮುಂದಿನ ಹಂತ ಶುರು ಮಾಡಲ್ಲ ಅಂತ ಹೇಳೋ ಹಕ್ಕು ನಿಮ್ಗೆ ಇದೆ, ಅದು ಮೊದಲೇ ಬರ್ದಿದ್ರೆ.

ತಡ ಆಗಿದ್ದು ಪೂರ್ತಿ ನನ್ನಿಂದಾನೇ ಆದ್ರೆ ಡಿಸ್ಕೌಂಟ್ ಕೊಡ್ಬೇಕಾ?

ಜಾಸ್ತಿ ಗಂಟೆಗೆ ಬಿಲ್ ಹಾಕದೆ ಇರೋದೇ ಸಾಮಾನ್ಯವಾಗಿ ಸಾಕು. ತಡದಿಂದ ಅವರಿಗೆ ನಿಜವಾದ ಖರ್ಚು ಬಿದ್ದಿದ್ರೆ, ಪ್ರಿಂಟಿಂಗ್ ಡೇಟ್ ತಪ್ಪಿ ಎಕ್ಸ್ಟ್ರಾ ದುಡ್ಡು ಕೊಟ್ಟಿದ್ರೆ, ಆಗ ಕಮ್ಮಿ ಮಾಡ್ಕೊಳ್ಳೋದು ಮರ್ಯಾದೆ. ಗಂಟೆ ಲೆಕ್ಕದ ಕೆಲಸದಲ್ಲೂ ಕಲಿಯೋಕೆ ಹೋದ ಟೈಮ್ ತೆಗೆದು ಬಿಲ್ ಮಾಡಿ.

ನೆಂಟರು, ಸ್ನೇಹಿತರ ಕೆಲಸ ಉದ್ದ ಆದ್ರೆ ಬಾಯೇ ಬರಲ್ಲ.

ದಾಕ್ಷಿಣ್ಯಕ್ಕೆ ಬಿದ್ದು ರೇಟು ಕಮ್ಮಿ ಹೇಳಿ, ಉದ್ದ ಆದ್ಮೇಲೆ ಒಳಗೊಳಗೇ ಕುದಿಯೋದಕ್ಕಿಂತ ಎರಡರಲ್ಲಿ ಒಂದು ಮಾಡಿ. ಪೂರ್ತಿ ಫ್ರೀ ಮಾಡಿಕೊಡಿ, ಆದ್ರೆ ಎಷ್ಟು ಕೆಲಸ ಅಂತ ಮಿತಿ ಹಾಕಿ: "ಅಣ್ಣಾ, ಎರಡು ಭಾನುವಾರ ನಿಂಗೆ, ಅಷ್ಟರಲ್ಲಿ ಆದಷ್ಟು." ಇಲ್ಲಾ ಮಾಮೂಲಿ ರೇಟು ಹಾಕಿ, ಬಿಲ್ಲಲ್ಲಿ ಡಿಸ್ಕೌಂಟ್ ಅಂತ ಬೇರೆ ಸಾಲು ತೋರಿಸಿ. ಆಗ ಜಾಸ್ತಿ ಆದ ಕೆಲಸಕ್ಕೆ ಯಾವ ರೇಟು ಅಂತ ಗೊಂದಲ ಇರಲ್ಲ.

40 ಗಂಟೆಗೆ ಹೇಳಿ 25ರಲ್ಲಿ ಮುಗಿದ್ರೆ ವಾಪಸ್ ಕೊಡ್ಬೇಕಾ?

ಫಿಕ್ಸೆಡ್ ಆದ್ರೆ ಬೇಡ, ಜಾಸ್ತಿ ಆದಾಗ ಹೊತ್ತೋರು ನೀವೇ. ಗಂಟೆ ಲೆಕ್ಕ ಆದ್ರೆ 25ಕ್ಕೇ ಬಿಲ್.

ಅರ್ಧದಲ್ಲೇ ಪ್ರಾಜೆಕ್ಟ್ ಕ್ಯಾನ್ಸಲ್ ಮಾಡಿದ್ರೆ?

ಆದ ಕೆಲಸಕ್ಕೆ ಪೂರ್ತಿ, ಉಳಿದದ್ದರಲ್ಲಿ ಒಂದು ಪಾಲು, ಎಷ್ಟು ಅಂತ ಮೊದಲೇ ಬರ್ದಿರ್ಬೇಕು. ಆ ಪಾಲು ನೀವು ಬೇಡ ಅಂದ ಬೇರೆ ಕೆಲಸಗಳಿಗೆ. ಆದಷ್ಟರ ಫೈಲುಗಳನ್ನ ದುಡ್ಡು ಬಂದ್ಮೇಲೆ ಸರಿಯಾಗಿ ಜೋಡಿಸಿ ಕೊಡಿ, ಮುಂದೆ ಮಾಡೋರಿಗೆ ಅರ್ಥ ಆಗೋ ಹಾಗೆ ಒಂದು ಟಿಪ್ಪಣಿ ಜೊತೆಗೆ.

ಮುಗಿಯೋದೇ ಇಲ್ಲ, ಎರಡು ವರ್ಷದಿಂದ ಅದೇ ಕ್ಲೈಂಟು ಅದೇ ರೇಟು. ಈಗ ಹೇಗೆ ಏರಿಸೋದು?

ಅದು ಪ್ರಾಜೆಕ್ಟ್ ಆಗಿ ಉಳಿದಿಲ್ಲ, ತಿಂಗಳ ಒಪ್ಪಂದಕ್ಕೆ ಬದಲಾಯಿಸಿ: ತಿಂಗಳಿಗೆ 20 ಗಂಟೆ, ಇಷ್ಟು ಮೊತ್ತ, ತಿಂಗಳ ಶುರುವಲ್ಲೇ. ಬಳಸದ ಗಂಟೆ ಮುಂದಿನ ತಿಂಗಳಿಗೆ ಮಾತ್ರ ಹೋಗತ್ತೆ, ಅದರ ಮುಂದಕ್ಕೆ ಇಲ್ಲ, ಇಲ್ದೇ ಇದ್ರೆ ಗಂಟೆ ಗುಡ್ಡೆ ಬಿದ್ದು ಒಂದೇ ವಾರದಲ್ಲಿ 90 ಗಂಟೆ ಕೇಳ್ತಾರೆ. 20 ದಾಟಿದ್ದಕ್ಕೆ ಬೇರೆ ರೇಟು, 15 ಆದಾಗ ನೀವು ತಿಳಿಸ್ಬೇಕು.

ರೇಟು ಏರಿಸೋದನ್ನ ನಡೀತಿರೋ ಕೆಲಸಕ್ಕೆ ಹಚ್ಚಬೇಡಿ, ಒಪ್ಪಿಕೊಂಡದ್ದನ್ನ ಹಳೇ ರೇಟಲ್ಲೇ ಮುಗಿಸಿ. ಎರಡು ತಿಂಗಳು ಮೊದಲು ಹೇಳಿ, ಅವರಿಗೆ ಬೇರೆಯವರನ್ನ ನೋಡ್ಕೊಳ್ಳೋಕೂ ಟೈಮ್ ಸಿಗ್ಬೇಕು. ಹೇಳುವಾಗ ನಿಮ್ಮ ಶೀಟಿಂದ ಒಂದೆರಡು ಅಂಕಿ ಹಾಕಿ, ಮೊದಲ ವರ್ಷ ಒಂದು ವರದಿಗೆ 9 ಗಂಟೆ ಹಿಡೀತಿತ್ತು ಈಗ 6ರಲ್ಲಿ ಆಗ್ತಿದೆ, ಹಾಗಾಗಿ ಗಂಟೆ ರೇಟು ಕಾಲು ಭಾಗ ಏರಿದ್ರೂ ಒಂದು ವರದಿಗೆ ನೀವು ಕೊಡೋದು ಮೊದಲಿಗಿಂತ ಕಮ್ಮೀನೇ ಆಗತ್ತೆ ಅಂತ. ಹೊಸ ರೇಟು ಯಾವ ತಾರೀಕಿನಿಂದ ಅಂತ ಅದೇ ಮೆಸೇಜಲ್ಲಿ ಬರೀರಿ.